ದೀಪಸ್ತಂಭದ ಪರದೆಗೆ ಒಂದು ಗೇಣು ಹೆಚ್ಚು

ನಾನು ನಿಂತಿದ್ದದ್ದು ಕಬ್ಬಿಣದ ಏಣಿಯ ಮೇಲೆ, ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ. ಆ ಏಣಿ ಇದ್ದದ್ದು ಒಂದು ಹಳೆಯ ದೀಪಸ್ತಂಭದ ತುದಿಯಲ್ಲಿ. ಆ ದೀಪಸ್ತಂಭ ಇದ್ದದ್ದು ಘಟ್ಟ ಇಳಿದ ಮೇಲೆ ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಗುಡ್ಡದ ನೆತ್ತಿಯಲ್ಲಿ, ಹತ್ತಿರದ ಊರಿನಿಂದ ಒಂದು ತಾಸು ನಡೆಯುವಷ್ಟು ದೂರ. ನನ್ನ ತಲೆ ಮತ್ತು ಭುಜ ಮೇಲಿನ ಗಾಜಿನ ಕೋಣೆಯೊಳಗಿದ್ದವು. ಉಳಿದದ್ದು ಅದರ ಕೆಳಗಿನ ಕೋಣೆಯಲ್ಲಿತ್ತು. ಎಡಗೈಯಲ್ಲಿ ಏಣಿ ಹಿಡಿದಿದ್ದೆ, ಬಲಗೈಯಲ್ಲಿ ಜುಟ್ಟು ಬಿಟ್ಟ ತೆಂಗಿನಕಾಯಿ. ಮೂರು ವರ್ಷದ ಹಿಂದೆ, ಸಂಕ್ರಾಂತಿಯಾದ ಮರುವಾರದ ಗುರುವಾರ. ನನ್ನ ಫೋನಿನ ಪ್ರಕಾರ ಬೆಳಿಗ್ಗೆ ಒಂಬತ್ತು ಮೂವತ್ತೈದು. ಜೊತೆಗೆ ಬಂದಿದ್ದ ನನ್ನ ಕಾಕಾನ ಕೈಗಡಿಯಾರದ ಪ್ರಕಾರ ಒಂಬತ್ತು ನಲವತ್ತೈದು. ಅವರ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದಿರುತ್ತದೆ, ಹಾಗಾಗಿ ಇಬ್ಬರ ಸಾಕ್ಷಿಯೂ ಒಂದೇ.

ಇಷ್ಟು ನಿಖರವಾಗಿ ಹೇಳುವುದಕ್ಕೆ ಕಾರಣವಿದೆ. ಹುಬ್ಬಳ್ಳಿಯಲ್ಲಿ ಈ ಘಟನೆಯನ್ನು ಈಗ ಕನಿಷ್ಠ ನಾಲ್ಕು ಬಗೆಯಲ್ಲಿ ಹೇಳುತ್ತಾರೆ. ಒಂದರಲ್ಲಿ ದೇವರೇ ಬಂದು ಕರ್ಪೂರ ಹಚ್ಚಿದ್ದಾನೆ. ಇನ್ನೊಂದರಲ್ಲಿ ಕಾಕಾ ಬೆಂಕಿಯ ಮೇಲೆ ಬಿದ್ದು ದೀಪಸ್ತಂಭವನ್ನೂ ಅರಬ್ಬೀ ಸಮುದ್ರದ ಅಷ್ಟೂ ಹಡಗುಗಳನ್ನೂ ಉಳಿಸಿದ್ದಾರೆ. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ನಮ್ಮದು ಹುಬ್ಬಳ್ಳಿಯಲ್ಲಿ ಪರದೆ ಮತ್ತು ತಾಡಪತ್ರಿ ಹೊಲಿಯುವ ಅಂಗಡಿ. ಲಾರಿಯ ಮೇಲೆ ಹೊದಿಸುವ ತಾಡಪತ್ರಿ, ಮದುವೆಯ ಶಾಮಿಯಾನ, ಶಾಲೆಯ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ವೇದಿಕೆಯ ಪರದೆ, ಹಿಂದೆ ನಾಟಕ ಕಂಪನಿಗಳ ಪರದೆ, ಎಲ್ಲವೂ. ಅಪ್ಪ ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ. ನಾನು ಮಷಿನ್ನಿನ ಮೇಲೆ ಕೂರುತ್ತೇನೆ. ಬಟ್ಟೆ ಕತ್ತರಿಸುವವರು ಕಾಕಾ, ಅಪ್ಪನ ತಮ್ಮ. ಅಜ್ಜನ ಕಾಲದ ಕತ್ತರಿ ಒಂದಿದೆ. ತೂಕದಲ್ಲಿ ಅದು ಸಣ್ಣ ಕಬ್ಬಿಣದ ಸನಿಕೆಯಷ್ಟಿದೆ. ಅದನ್ನು ಕಾಕಾನ ಹೊರತು ಯಾರೂ ಮುಟ್ಟುವಂತಿಲ್ಲ. ಅಕಸ್ಮಾತ್ ಕೊಡಬೇಕಾಗಿ ಬಂದರೂ ಕೈಯಿಂದ ಕೈಗೆ ಕೊಡುವಂತಿಲ್ಲ, ಜಗಳವಾಗುತ್ತದೆ ಅನ್ನುತ್ತಾರೆ. ಮೇಜಿನ ಮೇಲೆ ಇಡಬೇಕು, ಬೇಕಾದವರು ತೆಗೆದುಕೊಳ್ಳಬೇಕು.

ಕಾಕಾ ಟೇಪು ಬಳಸುವುದಿಲ್ಲ. ಗಿರಾಕಿಗೆ ಒಂದೇ ಮಾತು: "ನಂಬರ್ ಹೇಳಬ್ಯಾಡ್ರಿ, ದಾರ ಕೊಡ್ರಿ." ಅಂದರೆ ಪರದೆ ಬೇಕಾದ ಜಾಗಕ್ಕೆ ದಾರ ಹಿಡಿದು, ಎತ್ತರಕ್ಕೊಂದು ಗಂಟು, ಅಗಲಕ್ಕೊಂದು ಗಂಟು ಹಾಕಿ ತರಬೇಕು. ನಂಬರು ಬರೆಯುವವನು ಆಕಳಿಸುತ್ತ ಬರೆಯುತ್ತಾನೆ, ದಾರ ಹಿಡಿಯುವವನು ಆಕಳಿಸಲಾರ ಎಂಬುದು ಅವರ ವಾದ. ಹಾಗೆ ಬಂದ ದಾರಗಳೆಲ್ಲ ಅಂಗಡಿಯ ಗೋಡೆಯ ಮೊಳೆಗಳಲ್ಲಿ, ಗಿರಾಕಿಯ ಊರಿನ ಚೀಟಿಯೊಂದಿಗೆ ತೂಗುತ್ತಿರುತ್ತವೆ. ಹೊಸಬರು ಒಳಗೆ ಬಂದರೆ ಇದು ಶ್ಯಾವಿಗೆ ಮಾರುವ ಅಂಗಡಿ ಎಂದುಕೊಳ್ಳುತ್ತಾರೆ.

ಆ ಸಂಕ್ರಾಂತಿಯ ಹಿಂದಿನ ದೀಪಾವಳಿಗೆ ಮುಂಚೆ ರಾಯಾಪುರದ ಕಡೆಯ ಒಂದು ಶಾಲೆಗೆ ಹೊಲಿದ ಪರದೆ ಗಿಡ್ಡ ಬಂತು. ಗ್ಯಾದರಿಂಗಿನ ದಿನ ಪರದೆ ಇಳಿದ ಮೇಲೂ ಅದರ ಕೆಳಗೆ ಒಂದು ಮೊಳ ಜಾಗ ಉಳಿಯಿತು. ಮಕ್ಕಳ ನಾಟಕದ ಆಸ್ಥಾನದ ಅಷ್ಟೂ ಮಂದಿ ರಬ್ಬರ್ ಚಪ್ಪಲಿ ಹಾಕಿಕೊಂಡದ್ದು ಊರಿಗೆಲ್ಲ ಕಂಡಿತು. ಮಹಾರಾಜ ಒಂದು ಕಾಲಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತಿದ್ದ. ಮರುದಿನ ಅಪ್ಪ ಅಂಗಡಿಯಲ್ಲಿ ಕೇಳಿದರು.

"ಕಣ್ಣಿಗೆ ಏನಾಗೈತೋ ನಿನಗ?"

"ಕಣ್ಣಿಗೇನೂ ಆಗಿಲ್ಲಣ್ಣಾ. ಆ ಸಾಲ್ಯಾಗ ಇಲಿ ಅದಾವ. ದಾರ ಕಡದಾವ."

"ಇಲಿ ಕಡದು, ಮತ್ತ ಗಂಟು ಹಾಕಿ ಇಟ್ಟಾವೇನು?"

ಅಪ್ಪ ನನ್ನ ಕಡೆ ತಿರುಗದೆ ನನ್ನನ್ನು ತೋರಿಸಿ ಹೇಳಿದರು: "ಇನ್ನೊಂದು ಪರದಾ ಹಿಂಗ ಹೆಚ್ಚುಕಮ್ಮಿ ಬರಲಿ, ಕತ್ರಿ ಇವನ ಕೈಗೆ. ನೀ ಗುಂಡಿ ಹಚ್ಚಿಕೋತ ಕುಂದ್ರು."

ಆಮೇಲೆ ಎರಡು ದಿನ ಕಾಕಾ ಯಾರೊಂದಿಗೂ ಮಾತಾಡಲಿಲ್ಲ. ಮಷಿನ್ನಿನೊಂದಿಗೆ ಮಾತಾಡಿದರು. ಕತ್ತರಿ ನನಗೆ ಬೇಡವಾಗಿತ್ತು ಎಂದರೆ ಅರ್ಧ ಸುಳ್ಳು. ಆದರೆ ಅದು ಕಾಕಾನ ಕೈಯಲ್ಲಿಲ್ಲದ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಲು ನನಗೆ ಆಗಲಿಲ್ಲ. ಇದು ಪೂರ್ತಿ ನಿಜ.

ಇದಾದ ಹದಿನೈದು ದಿನಕ್ಕೆ ದೀಪಸ್ತಂಭವನ್ನು ನೋಡಿಕೊಳ್ಳುವ ಸಾಹೇಬರು ಅಂಗಡಿಗೆ ಬಂದರು. ಅವರು ಧಾರವಾಡದ ಹತ್ತಿರದ, ಖಾದಿಗೆ ಹೆಸರಾದ ಗರಗದವರು. ಮೂವತ್ತು ವರ್ಷ ತುಂಬುವವರೆಗೆ ಸಮುದ್ರ ನೋಡಿರಲಿಲ್ಲವಂತೆ. ಸರಕಾರ ಅವರನ್ನು ಹಿಡಿದು ಸಮುದ್ರದ ಬಾಯಲ್ಲೇ ಕೂರಿಸಿತ್ತು. ರಜೆಯಲ್ಲಿ ಊರಿಗೆ ಬಂದವರು, ತಮ್ಮ ದೀಪಕ್ಕೆ ಎಂಟು ಪರದೆ ಬೇಕು, ದಪ್ಪ ಬಿಳಿ ಬಟ್ಟೆಯದಾಗಬೇಕು ಎಂದರು.

"ದೀಪಕ್ಕ ಪರದಾ ಯಾಕ್ರಿ?" ಎಂದು ಅಪ್ಪ ಕೇಳಿದರು.

ಸಾಹೇಬರು ನಿಧಾನವಾಗಿ ವಿವರಿಸಿದರು. ದೀಪದ ಸುತ್ತ ಆಳೆತ್ತರದ ಒಂದು ಗಾಜಿದೆ, ಪದರ ಪದರ ಕೊರೆದದ್ದು, ಮುತ್ತಜ್ಜನ ಕಾಲದ್ದು. "ರಾತ್ರಿ ಒಳಗಿನ ಬೆಳಕನ್ನ ದೂರ ಒಯ್ಯೂ ಗಾಜು, ಹಗಲಿ ಹೊರಗಿನ ಬಿಸಲನ್ನ ಒಳಗ ಒಂದ ಕಡೆ ಕೂಡಸ್ತೈತ್ರಿ. ಸಣ್ಣವರಿದ್ದಾಗ ಭೂತಗನ್ನಡಿ ಹಿಡದು ಕಾಗದ ಸುಟ್ಟಿಲ್ಲೇನು? ಅದ ಲೆಕ್ಕ. ಪರದಾ ಇಲ್ಲಾಂದ್ರ ದೀಪ ತನ್ನ ಬುಡಾನ ತಾನ ಸುಟ್ಟುಕೋತೈತಿ. ಗಾಜು ಒಡದರ ಮತ್ತ ಸಿಗಂಗಿಲ್ಲ."

ಕಾಕಾ ತಲೆಯಾಡಿಸಿದರು. "ಗೊತ್ತಾತು ಬಿಡ್ರಿ. ನಾಟಕದಾಗಿನ ರಾಣಿ ಬಣ್ಣ ಹಚ್ಚಿಕೊಂಡು ಹಗಲಿ ಹೊರಗ ಬರಬಾರದು. ಅದ ಪೈಕಿ."

"ಅದಲ್ರಿ ಕಾಕಾರ. ಬೆಂಕಿ ಹತ್ತತೈತಿ ಅಂದೆ."

"ತಿಳೀತಂದ್ನೆಲ್ರೀ. ನೀವು ದಾರ ಕಳಸ್ರಿ."

ಈ ಸಂಭಾಷಣೆಗೆ ನಾನು ಸಾಕ್ಷಿ. ಸಾಹೇಬರು ಹೇಳಿದ್ದರು. ಸ್ಪಷ್ಟವಾಗಿ, ಎರಡು ಸಲ ಹೇಳಿದ್ದರು.

ಹತ್ತು ದಿನದಲ್ಲಿ ಅಂಚೆಯಲ್ಲಿ ದಾರ ಬಂತು. ನೀಲಿ ದಾರ, ಮೀನಿನ ಬಲೆಯ ನೈಲಾನು. ಅಲ್ಲಿ ಸಿಗುವುದು ಅದೇ ತಾನೆ. ಒಂದು ತುದಿಯನ್ನು ಕಾಕಾ ಮೊಳೆಗೆ ಸಿಕ್ಕಿಸಿದರು, ಇನ್ನೊಂದು ತುದಿ ಹಿಡಿದು ಎಂದಿನಂತೆ ಬಿಗಿಯಾಗಿ ಎಳೆದರು. ರಾಯಾಪುರದ ನೆನಪಿನಿಂದಲೋ ಏನೋ ಆ ದಿನ ಎಂದಿಗಿಂತ ಹೆಚ್ಚೇ ಎಳೆದರು. ಸಾಹೇಬರ ಅಪೇಕ್ಷೆಯಂತೆ ಬಟ್ಟೆ ಗರಗದ ದಪ್ಪ ಖಾದಿ. ಕಾಕಾ ಕತ್ತರಿಸಿದರು, ನಾನು ಹೊಲಿದೆ, ತೂಗುಹಾಕಲು ಹಿತ್ತಾಳೆಯ ಬಳೆ ಕೂರಿಸಿದೆವು. ಹೊರಡುವ ದಿನ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು.

"ಪರದಾ ಏರಿಸೂ ದಿನ ಮುಂಜಾನೆ ಹತ್ತಕ್ಕ ನಾ ಫೋನ್ ಮಾಡ್ತೇನಿ. ಸರಿ ಬಂತೋ ಇಲ್ಲೋ, ಕಂಡದ್ದನ್ನ ಕಂಡಂಗ ಹೇಳಬೇಕು. ಅವ ನಿನ್ನ ಕಾಕಾ, ಖರೇ. ನಾ ನಿನ್ನ ಅಪ್ಪ."

ಕಾಕಾ ಬಾಗಿಲ ಹೊರಗೆ ಚಪ್ಪಲಿ ಹುಡುಕುತ್ತಿದ್ದರು. ಚಪ್ಪಲಿ ಕಾಲಲ್ಲೇ ಇತ್ತು. ಅವರು ಕೇಳಿಸಿಕೊಂಡರೆಂದು ನನಗೆ ಖಾತ್ರಿ.

ಬಸ್ಸಿನಲ್ಲಿ ಘಟ್ಟ ಇಳಿದೆವು, ಆಟೋ ಹಿಡಿದೆವು, ಕಡೆಗೆ ಪರದೆಯ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದೆವು. ಕತ್ತರಿಯನ್ನು ಕಾಕಾ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದರು. ಗುಡ್ಡದ ತಿರುವಿನಲ್ಲಿ ಮೊದಲ ಬಾರಿಗೆ ಸಮುದ್ರ ಪೂರ್ತಿ ಕಂಡಿತು. ಕಾಕಾ ನಿಂತು ಬಹಳ ಹೊತ್ತು ನೋಡಿದರು. ಏನೋ ದೊಡ್ಡ ಮಾತು ಹೇಳುತ್ತಾರೆಂದು ಕಾದೆ.

"ಇಷ್ಟು ನೀರು ಇಲ್ಲಿ ಇಟ್ಟಾರ," ಎಂದರು. "ನಮಗ ವಾರಕ್ಕೊಮ್ಮೆ ನಳ ಬಿಡ್ತಾರ."

ದೀಪಸ್ತಂಭದ ಬುಡದಲ್ಲಿ ಸಾಹೇಬರ ಮನೆ. ಅವರ ಹೆಂಡತಿ ಮಗಳ ಪರೀಕ್ಷೆಗೆಂದು ಧಾರವಾಡದಲ್ಲಿದ್ದರು. ಮನೆಯಲ್ಲಿದ್ದದ್ದು ಅತ್ತೆ, ಹೆಂಡತಿಯ ತಾಯಿ. ನಾವಿಬ್ಬರೂ ಅವರನ್ನು ಅಜ್ಜಿ ಅಂದೆವು. ವಯಸ್ಸಿನಲ್ಲಿ ಕಾಕಾಗಿಂತ ಬಹಳ ದೊಡ್ಡವರೇನಲ್ಲ, ಆದರೆ ಕಾಕಾ ಎಲ್ಲರನ್ನೂ ತಮಗಿಂತ ಹಿರಿಯರೆಂದೇ ಲೆಕ್ಕ ಹಾಕುತ್ತಾರೆ. ಅಜ್ಜಿ ಗರಗದಲ್ಲಿ ಬಹಳ ವರ್ಷ ನೂಲು ತೆಗೆದವರು. ಪರದೆಯ ಗಂಟು ಬಿಚ್ಚಿದ ಕೂಡಲೇ ಬಟ್ಟೆಯನ್ನು ಮೂಗಿಗೆ ಹಿಡಿದರು.

"ನಮ್ಮೂರಿಂದ," ಅಂದರು. "ಇಲ್ಲಿ ಬರೇ ಉಪ್ಪಿನ ವಾಸನಿ. ತಲಿ ಕೆಟ್ಟು ಹೋಗೈತಿ."

ಆ ರಾತ್ರಿ ಅಲ್ಲೇ ಉಂಡು ಮಲಗಿದೆವು. ಬೆಳಿಗ್ಗೆ ಎಂಟಕ್ಕೆ, ಕಾಕಾ ಸ್ನಾನಕ್ಕೆ ಹೋದಾಗ, ನಾನು ಒಂದು ಕೆಲಸ ಮಾಡಿದೆ. ಸಾಹೇಬರು ಹಿಂದಿನ ಸಂಜೆ ಇಳಿಸಿದ್ದ ಒಂದು ಹಳೆಯ ಪರದೆ ಪಡಸಾಲೆಯಲ್ಲಿತ್ತು. ಅದನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ನಮ್ಮ ಹೊಸ ಪರದೆ ಹಾಸಿದೆ. ಮೇಲಿನ ಅಂಚು ಸರಿಯಾಗಿ ಕೂಡಿಸಿ ಕೆಳಗೆ ನೋಡಿದರೆ, ಹೊಸದು ಒಂದು ಗೇಣು ಉದ್ದವಿತ್ತು. ಎರಡನೆಯದನ್ನು ಹಾಸಿದೆ. ಒಂದು ಗೇಣು. ತಲೆಯೆತ್ತಿದರೆ ಕಾಕಾ ಒದ್ದೆ ತಲೆಯಲ್ಲಿ ಬಾಗಿಲಲ್ಲಿ ನಿಂತಿದ್ದರು. ಅವರ ಕಣ್ಣು ಆ ಒಂದು ಗೇಣಿನ ಮೇಲೆ ನಿಂತಿತ್ತು. ಅಪ್ಪ ಫೋನು ಮಾಡುವುದು ಹತ್ತು ಗಂಟೆಗೆ.

ತಿಂಡಿ ಮುಗಿಸಿ ಎದ್ದವರೇ ಕಾಕಾ ಸಾಹೇಬರಿಗೆ ಹೇಳಿದರು: "ಪೂಜಿ ಮಾಡದ ಪರದಾ ಏರಸೂದಿಲ್ರಿ ನಾವು."

ಇದು ಸುಳ್ಳಲ್ಲ. ನಾಟಕ ಕಂಪನಿಯ ಕಾಲದಿಂದ ನಮ್ಮಲ್ಲಿ ಇದೇ ಪದ್ಧತಿ: ಹೊಸ ಪರದೆಯ ಅಂಚನ್ನು ದೇವರ ಪಾದದ ಹತ್ತಿರ ಇಟ್ಟು, ಕರ್ಪೂರ ಬೆಳಗಿ, ಕಾಯಿ ಒಡೆದು ಆಮೇಲೆ ಏರಿಸಬೇಕು. ಆದರೆ ಲಾರಿಯ ತಾಡಪತ್ರಿಗೆ ಯಾರೂ ಪೂಜೆ ಮಾಡುವುದಿಲ್ಲ, ಶಾಲೆಯ ಪರದೆಗೂ ಎಷ್ಟೋ ಸಲ ಮಾಡಿಲ್ಲ. ಆ ದಿನ ಅಪ್ಪನ ಫೋನಿನ ಹೊತ್ತು ದಾಟಿಸಲು ಕಾಕಾಗೆ ಎಷ್ಟು ಹೊತ್ತಾದರೂ ಹಿಡಿಯುವ ಒಂದು ಪೂಜೆ ಬೇಕಾಗಿತ್ತು.

"ಮ್ಯಾಲೆ ಬೆಂಕಿ ಒಯ್ಯೂಹಂಗಿಲ್ರಿ," ಎಂದು ಸಾಹೇಬರು ಕಾಕಾನ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡರು.

"ಹಚ್ಚಲಾರದ ಇಡ್ತೇನಿ. ದೇವರಿಗೆ ತಿಳೀತೈತಿ."

"ಮನಿಗೆ ಹೊಸಾ ಬಾಗಲಾ ಕುಂದರಿಸಿದರೂ ಪೂಜಿ ಮಾಡ್ತೀವಿ," ಎಂದು ಅಜ್ಜಿ ನಡುವೆ ಬಂದರು. "ಅಳಿಯಾರ, ನೀವು ಎಲ್ಲಾದಕ್ಕೂ ಬ್ಯಾಡ ಅನ್ನಬ್ಯಾಡ್ರಿ. ಕಾಯಿ ನಾ ತರ್ತೇನಿ."

ಅಳಿಯ ಒಪ್ಪಿದರು. ಅತ್ತೆಯ ಮಾತಿಗೆ ಅವರು ಇಲ್ಲ ಅಂದದ್ದನ್ನು ನಾನು ಕಾಣಲಿಲ್ಲ.

ಗಾಜಿನ ಕೋಣೆಯಲ್ಲಿ ಕಿಟಕಿಗಳ ಒಳಬದಿಗೆ ದುಂಡಗೆ ಒಂದು ಕೊಳವೆ ಹೋಗುತ್ತದೆ, ಅದಕ್ಕೇ ಪರದೆಗಳು ತೂಗುತ್ತವೆ. ನಡುವೆ ಆ ದೊಡ್ಡ ಗಾಜು. ಅದನ್ನು ಹತ್ತಿರದಿಂದ ನೋಡಿದಾಗ ನಾನು ಧ್ವನಿ ತಗ್ಗಿಸಿದೆ, ಯಾಕೆಂದು ಗೊತ್ತಿಲ್ಲ. ಒಳಗೆ ಕೈ ಹಾಕಿ ಒರೆಸಲು ಅದರ ಒಂದು ಬದಿಗೆ ಪುಟ್ಟ ಬಾಗಿಲಿದೆ. ಬಾಗಿಲೊಳಗೆ ಕಟ್ಟೆ, ಕಟ್ಟೆಯ ಮೇಲೆ ದೀಪ. ಕಾಕಾ ಅದನ್ನು ನೋಡಿದ ರೀತಿಯಲ್ಲೇ ನನಗೆ ತಿಳಿಯಬೇಕಿತ್ತು. ಅದು ಅವರ ಕಣ್ಣಿಗೆ ಗರ್ಭಗುಡಿ.

ಸಾಹೇಬರು ಸಮುದ್ರದ ಕಡೆಯ ಪರದೆಗಳನ್ನೆಲ್ಲ ಇಳಿಸಿ, ಪೂರ್ವದ ಮೂರನ್ನು ಹಾಗೇ ಬಿಟ್ಟರು. "ಇವು ಮೂರು ಇರಲಿ. ಹೊಸಾವು ಆ ಕಡಿಂದ ಏರಿಸಿಕೋತ ಬರೂಣು."

"ಹಳೇದು ಹೊಸಾದು ಒಂದ ಕೋಲಿನ ಮ್ಯಾಲೆ ತೂಗಬಾರದ್ರಿ," ಎಂದರು ಕಾಕಾ. "ಕಂಪನಿ ಮುಳಗತೈತಿ."

"ಇಲ್ಲಿ ಯಾವ ಕಂಪನಿ ಐತ್ರಿ?"

"ಮುಳುಗಾಕ ಹಡಗಾದ್ರೂ ಅದಾವಲ್ಲ."

ಸಾಹೇಬರು ನಕ್ಕರು. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಆಫೀಸಿನಿಂದ. ಅಲ್ಲಿ ಮಾತು ಸರಿಯಾಗಿ ಕೇಳಿಸುವುದು ಗಾಜಿನ ಕೋಣೆಯ ಹೊರಗೆ, ಸುತ್ತ ಇರುವ, ಕಂಬಿಯ ಕಟಾಂಜನ ಹಾಕಿದ ದಾರಿಯಲ್ಲಿ ಮಾತ್ರ. ಅವರು ಹೊರಗೆ ಹೋಗಿ ಬಾಗಿಲೆಳೆದುಕೊಂಡರು. ನಾನು ಕಾಯಿ ತರಲು ಏಣಿ ಇಳಿದೆ. ಅಜ್ಜಿ ಅಷ್ಟೂ ಸುತ್ತುಮೆಟ್ಟಿಲು ಹತ್ತಿ ಕೆಳಗಿನ ಕೋಣೆಯವರೆಗೆ ಬಂದಿದ್ದರು. ಅಲ್ಲಿ ಐದು ವರ್ಷವಿದ್ದರೂ ಅದೇ ಮೊದಲ ಸಲ ಹತ್ತಿದ್ದಂತೆ. ಕಾಯಿ ಕೊಟ್ಟು, "ಬೀಳಬ್ಯಾಡ, ನಾ ಕಾಲು ಹಿಡಕೋತೇನಿ," ಎಂದು ನನ್ನ ಎರಡೂ ಮೀನಖಂಡ ಹಿಡಿದರು. ಹೀಗೆ ನಾನು ಮೇಲಿನಿಂದ ಮೂರನೆಯ ಮೆಟ್ಟಿಲಿಗೆ ಬಂದು ತಲೆ ಮೇಲೆತ್ತಿದೆ.

ಈಗ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಪೂರ್ವದ ಮೂರೂ ಪರದೆಗಳು ಕೆಳಗಿದ್ದವು. ನಾನು ಇಳಿದು ಹತ್ತುವಷ್ಟರಲ್ಲಿ ಕಾಕಾ ಅವನ್ನು ಕಳಚಿ ಅಚ್ಚುಕಟ್ಟಾಗಿ ಮಡಿಚಿಟ್ಟಿದ್ದರು. ಬಿಸಿಲು ನೇರವಾಗಿ ಗಾಜಿನ ಮೇಲೆ ಬಿದ್ದಿತ್ತು. ಪುಟ್ಟ ಬಾಗಿಲು ತೆರೆದಿತ್ತು. ಒಳಗೆ ದೀಪದ ಬುಡದಲ್ಲಿ ಹಿತ್ತಾಳೆಯ ತಟ್ಟೆ, ತಟ್ಟೆಯಲ್ಲಿ ನಾಲ್ಕು ಬಿಲ್ಲೆ ಕರ್ಪೂರ, ಹಚ್ಚಿಲ್ಲದ್ದು. ತಟ್ಟೆಗೆ ತಾಗಿ ನಮ್ಮ ಒಂದು ಹೊಸ ಪರದೆಯ ಕೆಳ ಅಂಚು. ಕಾಕಾ ನನಗೆ ಎಡ ಮಗ್ಗುಲು ಕಾಣುವಂತೆ ಬಾಗಿಲ ಮುಂದೆ ನಿಂತು ಕೈಮುಗಿದಿದ್ದರು.

ತಟ್ಟೆಯೊಳಗೆ ಒಂದು ಬೆಳಕಿನ ಚುಕ್ಕೆಯಿತ್ತು. ಗೋಲಿಯಷ್ಟು ಸಣ್ಣದು, ಆದರೆ ನೋಡಿದರೆ ಕಣ್ಣು ನೋಯುವಂಥದ್ದು. ನಾನು "ಕಾಕಾ" ಅಂದೆ. ಒಂದು ಬಿಲ್ಲೆಯ ಮೇಲೆ ಸ್ವಲ್ಪ ಹೊಗೆ ಕಂಡಿತು. ಆಮೇಲೆ ಕರ್ಪೂರ ಹತ್ತಿತು. ಯಾರೂ ಹಚ್ಚಲಿಲ್ಲ. ಭಕ್ ಎಂದು, ತಾನೇ.

ಕಾಕಾ ಕದಲಲಿಲ್ಲ. ಅವರ ತುಟಿಗಳು ಮಾತ್ರ ಬೇಗಬೇಗ ಅಲುಗತೊಡಗಿದವು.

ಅದೇ ಹೊತ್ತಿಗೆ ಸಾಹೇಬರು ಹೊರಗಿನಿಂದ ಇದನ್ನು ಕಂಡರು. ಅವರ ಕೈಯಿಂದ ಫೋನು ಬಿದ್ದದ್ದನ್ನು ನಾನು ನೋಡಿದೆ. ಎರಡೂ ಅಂಗೈಯಿಂದ ಕಿಟಕಿಯ ಗಾಜು ಬಡಿಯುತ್ತ ಏನೋ ಕೂಗಿದರು. ಗಾಳಿಯ ಸದ್ದಿಗೆ ಒಳಗೆ ಏನೂ ಕೇಳಿಸಲಿಲ್ಲ. ಗಾಜಿಗೆ ಒತ್ತಿದ ಎರಡು ಅಂಗೈ, ತೆರೆದ ಬಾಯಿ. ಕಾಕಾ ಅವರ ಕಡೆ ಒಮ್ಮೆ ತಿರುಗಿ, ಅವರೂ ಕೈಮುಗಿಯುತ್ತಿದ್ದಾರೆಂದು ತಿಳಿದು, ಮೆಚ್ಚಿ ತಲೆಯಾಡಿಸಿ, ಮತ್ತೆ ದೀಪದ ಕಡೆ ತಿರುಗಿದರು.

ಆಗ ಪರದೆಯ ಅಂಚು ಕಂದಿತು. ಮೊದಲು ಚಹಾ ಚೆಲ್ಲಿದ ಬಣ್ಣ, ಆಮೇಲೆ ಕಪ್ಪು, ಅದರ ನಡುವೆ ಕೆಂಪು ಗೆರೆ.

ನನ್ನ ಕೈಯಲ್ಲಿದ್ದದ್ದು ತೆಂಗಿನಕಾಯಿ. ಏಣಿ ಮೇಲಕ್ಕೆ ತೆರೆಯುವ ಕಂಡಿಯ ಕಬ್ಬಿಣದ ಅಂಚಿಗೆ ಅದನ್ನು ಬಡಿದೆ. ಮೊದಲ ಏಟು ನನ್ನ ಹೆಬ್ಬೆರಳಿಗೆ ಬಿತ್ತು. ಎರಡನೆಯದಕ್ಕೆ ಬಿರುಕು ಬಿಟ್ಟಿತು. ಮೂರನೆಯದಕ್ಕೆ ಒಡೆಯಿತು. ಅರ್ಧ ನೀರು ಏಣಿಯ ಮೂಲಕ ಅಜ್ಜಿಯ ತಲೆಯ ಮೇಲೆ ಇಳಿಯಿತು. ಉಳಿದ ಅರ್ಧವನ್ನು ನಾನು ಮೇಲೆ ಹತ್ತಿ, ಕಾಕಾನ ತೋಳಿನ ಕೆಳಗಿನಿಂದ ಕೈ ಚಾಚಿ, ಪರದೆಯ ಮೇಲೆ ಸುರಿದೆ. ಚುಂಯ್ ಅಂದಿತು. ತಟ್ಟೆಯನ್ನು ಕಾಯಿಯ ಚಿಪ್ಪಿನಿಂದ ಹೊರಗೆಳೆದು ಮುಚ್ಚಿದೆ. ಅಷ್ಟರಲ್ಲಿ ಸಾಹೇಬರು ಒಳಗೆ ನುಗ್ಗಿ, ಮಡಿಚಿಟ್ಟ ಹಳೆಯ ಪರದೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಪೂರ್ವಕ್ಕೆ ಅಡ್ಡ ನಿಂತರು. ಕೋಣೆ ಮಬ್ಬಾಯಿತು.

ಕೆಳಗಿನಿಂದ ಅಜ್ಜಿಯ ಧ್ವನಿ ಬಂತು.

"ಕಾಯಿ ಒಡೀತೇನು? ತೀರ್ಥ ಬಂತು ನನಗ."

ಸಾಹೇಬರು ಪರದೆಗಳನ್ನು ಮತ್ತೆ ತೂಗಿಸಿ, ಬ್ಯಾಟರಿ ಹಿಡಿದು ಗಾಜಿನ ಒಂದೊಂದು ಪದರವನ್ನೂ ನೋಡಿದರು. ಬಿರುಕು ಇರಲಿಲ್ಲ. ದೀಪದ ಬುಡದಲ್ಲಿ ಒಂದಿಷ್ಟು ಮಸಿ. ಅದನ್ನು ಅವರು ತಮ್ಮ ಬನಿಯನ್ನಿನ ಅಂಚಿನಿಂದ ಒರೆಸಿದರು. ಆಮೇಲೆ ಕಾಕಾನ ಮುಂದೆ ಬಂದು ಕೂತರು.

"ಕಾಕಾರ, ಅಂಗಡ್ಯಾಗ ನಾ ಏನು ಹೇಳಿದ್ದೆ?"

"ಬೆಂಕಿ ಹತ್ತತೈತಿ ಅಂದಿದ್ರಿ," ಎಂದರು ಕಾಕಾ ಸಣ್ಣ ದನಿಯಲ್ಲಿ. "ನಾ ಮಾತಿಗೆ ಅಂದೀರಿ ಅಂತ ತಿಳಕೊಂಡಿದ್ದೆ."

ಸುಟ್ಟ ಪರದೆಯನ್ನು ಕೆಳಗಿನ ಕೋಣೆಗೆ ಒಯ್ದು ಹಾಸಿದೆವು. ತಟ್ಟೆಯಗಲದ ಕರಿ ಕಲೆ, ಅಂಚಿನಿಂದ ಐದು ಬೆರಳು ಮೇಲಕ್ಕೆ. ಕಾಕಾ ಅದರ ಪಕ್ಕ ಗೇಣು ಹಾಕಿದರು. ಹೆಬ್ಬೆರಳು ಅಂಚಿನಲ್ಲಿ, ಕಿರುಬೆರಳು ಕಲೆಯಿಂದ ಆಚೆ, ಬಿಳಿ ಬಟ್ಟೆಯ ಮೇಲೆ. ಅವರು ನನ್ನನ್ನು ನೋಡಿದರು. ಬೆಳಿಗ್ಗೆ ಪಡಸಾಲೆಯಲ್ಲಿ ಹೆಚ್ಚು ಬಂದಿದ್ದ ಅದೇ ಒಂದು ಗೇಣು. ಕಲೆ ಪೂರ್ತಿ ಅದರೊಳಗೇ ಇತ್ತು.

ಟವೆಲು ಬಿಚ್ಚಿ ಕತ್ತರಿ ತೆಗೆದರು. ಬೆರಳುಗಳನ್ನು ಅದರ ಬಳೆಗಳೊಳಗೆ ಕೂರಿಸಲು ಎರಡು ಸಲ ನೋಡಿದರು. ಕೂರಲಿಲ್ಲ, ಅಷ್ಟು ನಡುಗುತ್ತಿದ್ದವು. ಮೂರನೆಯ ಸಲ ಪ್ರಯತ್ನಿಸಲಿಲ್ಲ. ಕತ್ತರಿಯನ್ನು ನಮ್ಮಿಬ್ಬರ ನಡುವೆ ನೆಲದ ಮೇಲಿಟ್ಟು ಗೋಡೆಯ ಕಡೆ ತಿರುಗಿ ಕೂತರು.

ನಾನು ತೆಗೆದುಕೊಂಡೆ. ಎಂಟೂ ಪರದೆಗಳಿಂದ, ಮಡಿಕೆಗೆ ಬೆರಳಗಲ ಬಿಟ್ಟು, ಒಂದೊಂದು ಗೇಣು ಕತ್ತರಿಸಿದೆ. ಕತ್ತರಿಸುವ ಸದ್ದಿಗೆ ಅಜ್ಜಿ, "ಏಯ್, ನಮ್ಮೂರಿನ ಅರಿವಿ ಐತದು, ಹಗೂರಕ," ಎನ್ನುತ್ತಲೇ ಇದ್ದರು. ಮುಗಿದ ಮೇಲೆ ಕತ್ತರಿಯನ್ನು ಎಲ್ಲಿಂದ ತೆಗೆದಿದ್ದೆನೋ ಅಲ್ಲೇ ಇಟ್ಟೆ. ಕಾಕಾ ತಿರುಗಿ, ಅದನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಕೆಳಗೆ ಇಟ್ಟುಕೊಂಡರು.

ಹತ್ತು ಗಂಟೆಗೆ ಅಪ್ಪನ ಫೋನು ಬಂದಿತ್ತು. "ಏರಸಾಕತ್ತೇವ್ರಿ" ಎಂದಿದ್ದೆ. ಹೊಸ ಅಂಚು ಮಡಿಚಿ ಕೈಹೊಲಿಗೆ ಹಾಕಲು ಮಧ್ಯಾಹ್ನ ಮೂರಾಯಿತು. ಕಾಕಾ, ನಾನು, ಅಜ್ಜಿ ಮೂವರೂ ಸೂಜಿ ಹಿಡಿದೆವು. ಅಜ್ಜಿಯ ಹೊಲಿಗೆ ನಮ್ಮಿಬ್ಬರದಕ್ಕಿಂತ ಸಣ್ಣದಿತ್ತು. ಏರಿಸಿದಾಗ ಎಂಟೂ ಪರದೆಗಳು ಹಳೆಯವು ನಿಂತಷ್ಟಕ್ಕೇ ನಿಂತವು. ಸಾಹೇಬರು ಸುತ್ತು ಬಂದು ನೋಡಿ, ಒಂದು ಬೆರಳಿನ ಬಿಸಿಲೂ ಒಳಗಿಲ್ಲ ಎಂದರು. ನಾವು ಕೆಳಗೆ ಮನೆಗೆ ಇಳಿದಾಗ ಅಪ್ಪ ಮತ್ತೆ ಫೋನು ಮಾಡಿ ಕೇಳಿದರು.

"ಸರಿ ಬಂತೇನ?"

"ಬಂತ್ರಿ."

"ಎಷ್ಟು ಸರಿ?"

"ಒಂದು ಬೆರಳಿನ ಬಿಸಲೂ ಇಲ್ರಿ."

ಇದರಲ್ಲಿ ಸುಳ್ಳಿಲ್ಲ. ಕಾಕಾ ಗೋಡೆ ನೋಡುತ್ತ ಕೂತಿದ್ದರು. ಅವರ ಕಿವಿ ಮಾತ್ರ ನನ್ನ ಕಡೆಗಿತ್ತು.

ವಿಷಯ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬೇಸಿಗೆಯಲ್ಲಿ ಅಜ್ಜಿ ಹುಬ್ಬಳ್ಳಿಗೆ ಒಂದು ಮದುವೆಗೆ ಬಂದವರು ಅಂಗಡಿಗೂ ಬಂದರು. ಅಪ್ಪನ ಮುಂದೆ ಕೂತು, ಚಹಾ ಕುಡಿಯುತ್ತ, ತಮ್ಮ ಅಳಿಯನ ದೀಪದ ಮುಂದೆ ಕರ್ಪೂರ ತಾನಾಗಿ ಹತ್ತಿದ್ದನ್ನು ಹೇಳಿದರು. ಅವರು ಕಂಡದ್ದು ನನ್ನ ಎರಡು ಕಾಲು ಮತ್ತು ಕಾಲಿನ ನಡುವೆ ಒಂದಿಷ್ಟು ಹೊಗೆ. ಹೇಳಿದ್ದು ಮಾತ್ರ ಅರ್ಧ ತಾಸು ಹಿಡಿಯಿತು. ಅಪ್ಪ ಪವಾಡವನ್ನೆಲ್ಲ ಪೂರ್ತಿ ಕೇಳಿ ಎರಡೇ ಪ್ರಶ್ನೆ ಕೇಳಿದರು.

"ಸುಟ್ಟದ್ದನ್ನ ಎಷ್ಟು ಕೊಯ್ದರ್ರೀ ಅಜ್ಜಿ?"

"ಒಂದೊಂದು ಗೇಣು. ಎಂಟಕ್ಕೂ."

"ಎಂಟೂ ಸುಟ್ಟಿದ್ವೇನು?"

"ಇಲ್ಲ. ಸುಟ್ಟಿದ್ದು ಒಂದ."

ಅಜ್ಜಿ ಹೋದ ಮೇಲೆ ಅಪ್ಪ ನನ್ನನ್ನು ಕರೆದರು. ಕಾಕಾ ಕತ್ತರಿಸುವ ಮೇಜಿನ ಹತ್ತಿರವಿದ್ದರು. "ಹೇಳು," ಎಂದರು ಅಪ್ಪ. ನಾನು ಈ ಮೇಲೆ ಬರೆದದ್ದನ್ನು ಏಣಿಯ ಮೆಟ್ಟಿಲಿನಿಂದ ಹಿಡಿದು ಹೇಳಿದೆ. ಪಡಸಾಲೆಯಲ್ಲಿ ಹಾಸಿ ನೋಡಿದ್ದನ್ನೂ ಹೇಳಿದೆ. ಒಂದು ಗೇಣು ಎಂಬ ಮಾತು ಬಂದಾಗ ಕಾಕಾ ಕತ್ತರಿಯನ್ನು ಮೇಜಿನ ಮೇಲಿಟ್ಟು, ಬೆರಳ ತುದಿಯಿಂದ ನನ್ನ ಕಡೆ ಸರಿಸಿದರು. ನಾನು ಮುಟ್ಟಲಿಲ್ಲ.

ಅಪ್ಪ ಎದ್ದು ಗೋಡೆಯ ದಾರಗಳ ಹತ್ತಿರ ಹೋದರು. ಚೀಟಿ ಓದಿ ಓದಿ ಆ ನೀಲಿ ದಾರ ತೆಗೆದರು. ಮೇಜಿನ ಮೇಲೆ ಸಡಿಲಾಗಿ ಇಟ್ಟು ತುದಿಯಿಂದ ಎತ್ತರದ ಗಂಟಿನವರೆಗೆ ಟೇಪು ಹಿಡಿದರು. ಆಮೇಲೆ ಒಂದು ತುದಿ ನನಗೆ ಕೊಟ್ಟು, ಇನ್ನೊಂದನ್ನು ತಾವೇ ಹಿಡಿದು, ಕಾಕಾ ಎಳೆಯುವ ಹಾಗೆ ಎಳೆದರು. ಮತ್ತೆ ಟೇಪು. ದಾರ ಬೆಳೆದಿತ್ತು. ಸರಿಯಾಗಿ ಒಂದು ಗೇಣು.

ಅಪ್ಪ ಬಹಳ ಹೊತ್ತು ದಾರವನ್ನು ಎಳೆಯುತ್ತ, ಬಿಡುತ್ತ ನಿಂತರು.

"ನಿನ್ನ ಕಣ್ಣು ಛಲೋ ಐತಿ," ಎಂದರು ಕೊನೆಗೆ ತಮ್ಮನಿಗೆ. "ಕೈ ಛಲೋ ಐತಿ. ಬಲಿ ದಾರ ಎಳದರ ಬೆಳೀತೈತಿ ಅನ್ನೂದು ಮೀನಿಗೂ ಗೊತ್ತೈತಿ. ನಿನಗ ಒಬ್ಬಗ ಗೊತ್ತಿಲ್ಲ."

"ನಾ ಮೀನಲ್ಲಣ್ಣಾ," ಎಂದರು ಕಾಕಾ.

"ರಾಯಾಪುರದ್ದು?"

"ಅದು ಇಲಿನ."

ಅಪ್ಪ ಕತ್ತರಿಯನ್ನು ಎತ್ತಿದರು. ಕೈಗೆ ಕೊಡಲಿಲ್ಲ. ಮೇಜಿನ ಆ ತುದಿಗೆ, ಕಾಕಾನ ಮುಂದೆ ಇಟ್ಟರು. ಕಾಕಾ ತೆಗೆದುಕೊಂಡರು. ಅಂದಿನಿಂದ ಗಿರಾಕಿಗಳಿಗೆ ಅಂಗಡಿಯಿಂದಲೇ ಹತ್ತಿಯ ದಾರ ಕೊಡುತ್ತೇವೆ, ಅದರ ಇನ್ನೊಂದು ತುದಿ ಹಿಡಿಯುವವನು ನಾನು. ಕತ್ತರಿ ಈಗಲೂ ಕಾಕಾನದೇ. ನೀಲಿ ದಾರ ಅದೇ ಮೊಳೆಗೆ ತೂಗುತ್ತಿದೆ. ನೋಡಬೇಕೆಂದವರು ಬಂದು ನೋಡಬಹುದು, ಎಳೆಯುವಂತಿಲ್ಲ.

ಆ ದಿನ ಆ ಬೆಳಕನ್ನು ಕಂಡು ಇಂದಿಗೂ ಬದುಕಿರುವವರು ನಾನಲ್ಲದೆ ಮೂವರು. ಒಬ್ಬರು ದೀಪಸ್ತಂಭದ ಸಾಹೇಬರು. ಅವರು ಅಲ್ಲೇ ಇದ್ದಾರೆ, ಪರದೆಗಳೂ ಇವೆ. ಈಗ ಅವರು ಗಾಜಿನ ಕೋಣೆಯ ಪುಟ್ಟ ಬಾಗಿಲಿಗೆ ಬೀಗ ಹಾಕಿದ್ದಾರೆ. ಇನ್ನೊಬ್ಬರು ಅಜ್ಜಿ, ಕಂಡದ್ದು ಹೊಗೆ ಮಾತ್ರವಾದರೂ ಬೆಳಕನ್ನೂ ಕಂಡೆ ಎನ್ನುತ್ತಾರೆ, ಈಗ ಗರಗದಲ್ಲಿದ್ದಾರೆ. ಅವರ ಮಾತಿನಲ್ಲಿ ಅರ್ಧವನ್ನು ನಂಬಬಹುದು, ಯಾವ ಅರ್ಧ ಎಂದು ಹೇಳಲಾರೆ. ಮೂರನೆಯವರು ಕಾಕಾ. ಕೇಳಿದರೆ ಕೈಮುಗಿದು ಕಣ್ಣು ಮುಚ್ಚಿದ್ದೆ, ಏನೂ ಕಂಡಿಲ್ಲ ಎನ್ನುತ್ತಾರೆ. ಆದರೂ ಅವರನ್ನು ನಾನು ಪಟ್ಟಿಯಲ್ಲಿ ಸೇರಿಸಿದ್ದೇನೆ. ನಾನು ನಿಂತದ್ದು ಅವರ ಎಡ ಮಗ್ಗುಲಿಗೆ, ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ. ಅವರ ಎಡಗಣ್ಣು ತೆರೆದಿತ್ತು.